ಅಪ್ಪನ ಐಸ್‌ಕ್ರೀಮ್ ಪಾಟು

ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದವನಿಗೆ ಒಂದು ದುರಭ್ಯಾಸ ತಾನಾಗಿ ಅಂಟಿಕೊಳ್ಳುತ್ತದೆ. ಇಂದು ಮುಗಿಸಬಹುದಾದ ಕಾಗದವನ್ನು "ನಾಳೆ ನೋಡೋಣ" ಎಂದು ಕಟ್ಟಿನ ಅಡಿಗೆ ಸೇರಿಸುವುದು. ಕಚೇರಿಯಲ್ಲಿ ಕಾಗದಕ್ಕೆ ತುಕ್ಕು ಹಿಡಿಯುವುದಿಲ್ಲ. ಮನೆಯ ಮಾತು ಬೇರೆ. ಅದು ಹೇಗೆಂದು ಹೇಳುತ್ತೇನೆ.

ನಮ್ಮ ತಂದೆ ನೌಕರಿಗೆಂದು ಧಾರವಾಡದಿಂದ ಪುಣೆಗೆ ಬಂದವರು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ರವಿವಾರ ಜುನಾ ಬಜಾರಿನಿಂದ ಕೈಯಿಂದ ತಿರುವುವ ಹಳೆಯ ಐಸ್‌ಕ್ರೀಮ್ ಯಂತ್ರವೊಂದನ್ನು ಹೊತ್ತು ತಂದರು. ಪುಣೆಯವರು ಇದಕ್ಕೆ ‘ಪಾಟ್’ ಎನ್ನುತ್ತಾರೆ. ಹೊರಗೊಂದು ಮರದ ಬಕೆಟ್ಟು, ಅದರೊಳಗೊಂದು ಡಬ್ಬಿ, ಡಬ್ಬಿಯೊಳಗೆ ಕಡೆಗೋಲಿನಂಥ ಮರದ ರೆಕ್ಕೆ, ಮೇಲೆ ಹಲ್ಲಿನ ಚಕ್ರಗಳು ಮತ್ತು ಹಿಡಿಕೆ. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಹೆಣ್ಣುಮಗಳು 1843ರಲ್ಲಿ ಪೇಟೆಂಟ್ ಪಡೆದ ಯಂತ್ರದ ವಂಶ ಇದು. ಅಂದಿನಿಂದ ರೂಪ ಹೆಚ್ಚೇನೂ ಬದಲಾಗಿಲ್ಲ.

ಮೇ ತಿಂಗಳಲ್ಲಿ ಮಾವಿನ ಹಣ್ಣು ಅಗ್ಗವಾಯಿತೆಂದರೆ ಅಕ್ಕಪಕ್ಕದ ಹುಡುಗರೆಲ್ಲ ನಮ್ಮ ಮನೆಯಲ್ಲಿ. ಅಪ್ಪನದು ಒಂದೇ ಕಾನೂನು: ಹಿಡಿಕೆ ಹಿಡಿದವನು ನೂರು ಸುತ್ತು ತಿರುವಬೇಕು, ಸುತ್ತುಗಳನ್ನು ಕನ್ನಡದಲ್ಲಿಯೇ ಎಣಿಸಬೇಕು. ಮರಾಠಿ ಹುಡುಗರು ಐವತ್ತೊಂಬತ್ತಕ್ಕೆ ಬಂದು ತಡವರಿಸುವರು. ಅವರ ಭಾಷೆಯಲ್ಲಿ ಅದು ಅರವತ್ತಕ್ಕೆ ಒಂದು ಕಡಿಮೆ. ಆದರೂ ಐಸ್‌ಕ್ರೀಮಿನ ಆಸೆಗೆ ಎಲ್ಲರೂ ಕಲಿತರು.

2022ರ ಮೇ ತಿಂಗಳಲ್ಲಿ ಅಪ್ಪ ಕುರ್ಚಿಯಲ್ಲಿ ಕುಳಿತು ನೋಡಿದರು, ನಾನು ತಿರುವಿದೆ. ಎಲ್ಲರೂ ತಿಂದಾದ ಮೇಲೆ, "ಈಗs ತೊಳದ ಇಡಪಾ, ಉಪ್ಪು ಕಾಯೂದಿಲ್ಲ" ಎಂದರು. "ನಾಳೆ ತೊಳೀತೀನಿ" ಎಂದೆ. ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಮರಳಲಿಲ್ಲ. ಆ ಗದ್ದಲದಲ್ಲಿ ಪಾಟನ್ನು ಯಾರೋ ಹಾಗೆಯೇ ಅಟ್ಟಕ್ಕೆ ಏರಿಸಿದರು.

ಈ ಬೇಸಿಗೆಯಲ್ಲಿ ಮಗಳು, "ಅಜ್ಜನ ಪಾಟ್ ಎಲ್ಲೈತಿ?" ಎಂದು ಕೇಳಿದಳು. ಇಳಿಸಿ ನೋಡಿದರೆ ಹಲ್ಲುಗಳೆಲ್ಲ ಕೆಂಪು ತುಕ್ಕು, ಹಿಡಿಕೆ ಕದಲದು. ನನಗೆ ಮಗಳ ಮುಖ ನೋಡುವುದಾಗಲಿಲ್ಲ. ಚಕ್ರಗಳನ್ನು ಬಿಚ್ಚಿ ಸೀಮೆಎಣ್ಣೆ ಹಚ್ಚಿ ತಂತಿ ಬ್ರಷ್ಷಿನಿಂದ ತಿಕ್ಕಿದೆ, ಆ ಮೇಲೆ ಸಾಬೂನು ಬಿಸಿನೀರಿನಲ್ಲಿ ವಾಸನೆ ಹೋಗುವ ತನಕ ತೊಳೆದೆ. ಎರಡು ರವಿವಾರ ಹಿಡಿಯಿತು. ಪುಣ್ಯಕ್ಕೆ ಸ್ಟೀಲಿನ ಡಬ್ಬಿಗೆ ಏನೂ ಆಗಿರಲಿಲ್ಲ. ಒಣಗಿದ ಬಕೆಟ್ಟು ಸಂದುಗಳಲ್ಲಿ ಸೋರುತ್ತಿತ್ತು. ರಾತ್ರಿಯೆಲ್ಲ ನೀರು ತುಂಬಿಟ್ಟೆ. ಮರ ಉಬ್ಬಿ ಸಂದು ಮುಚ್ಚಿಕೊಂಡವು.

ಹಾಲು ಕಾಯಿಸಿ ಸಕ್ಕರೆ ಹಾಕಿ, ಪೂರಾ ತಣಿದ ಮೇಲೆ ಮಾವಿನ ರಸ ಬೆರೆಸಿದೆವು. ಬಿಸಿ ಹಾಲಿಗೆ ಹಾಕಿದರೆ ಒಡೆದೀತು. ಡಬ್ಬಿಯನ್ನು ಮೂರರಲ್ಲಿ ಎರಡು ಪಾಲಷ್ಟೇ ತುಂಬಬೇಕು. ತಿರುವುವಾಗ ಗಾಳಿ ಸೇರಿ ಉಬ್ಬುತ್ತದೆ. ಸುತ್ತಲೂ ಪುಡಿ ಮಾಡಿದ ಬರ್ಫ ನಾಲ್ಕು ಪಾಲು, ಹರಳುಪ್ಪು ಒಂದು ಪಾಲು. ಸಕ್ಕರೆ ಬೆರೆತ ಹಾಲು ಗಟ್ಟಿಯಾಗಲು ಬರೀ ಬರ್ಫದ ತಂಪು ಸಾಲದು. ಉಪ್ಪು ಬಿದ್ದ ಬರ್ಫ ಬೇಗ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಹಾಲಿನಿಂದ ಎಳೆದುಕೊಳ್ಳುತ್ತದೆ. ಉಪ್ಪುನೀರು ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೂ ನೀರಾಗಿಯೇ ಇರುತ್ತದೆ.

ಮಗಳು ಎಣಿಸತೊಡಗಿದಳು. ನಲವತ್ತೊಂಬತ್ತಾದ ಮೇಲೆ ‘ಪನ್ನಾಸ್’ ಎಂದಳು. "ಮೊದಲಿಂದ" ಎಂದೆ. ಥೇಟು ಅಪ್ಪನ ದನಿ ನನ್ನ ಬಾಯಿಂದ ಬಂದಂತಾಯಿತು. ಅರ್ಧ ತಾಸಿಗೆ ಹಿಡಿಕೆ ಭಾರವಾಯಿತು, ಮುಚ್ಚಳ ತೆಗೆದು ಎಲ್ಲರಿಗೂ ಹಂಚಿದೆ.

ಎಲ್ಲರ ಮುಖವೂ ಸೊಟ್ಟ. ಉಪ್ಪು! ಬಕೆಟ್ಟಿನ ಮೇಲ್ಭಾಗದಲ್ಲಿ ಉಪ್ಪುನೀರು ಹೊರಗೆ ಹರಿಯಲೆಂದು ಒಂದು ತೂತು ಇರುತ್ತದೆ. ಅದರಲ್ಲಿ ಬರ್ಫದ ಚೂರು ಸಿಕ್ಕಿಕೊಂಡು, ನೀರು ಮುಚ್ಚಳದ ತನಕ ಏರಿ ಒಳಗೆ ಸೇರಿತ್ತು. ನಡುನಡುವೆ ಕಡ್ಡಿಯಿಂದ ಚುಚ್ಚಿ ನೋಡಬೇಕಾಗಿತ್ತು. ತೆಗೆಯುವ ಮುನ್ನ ಮುಚ್ಚಳವನ್ನು ಒರಸಬೇಕಾಗಿತ್ತು. ನಾನು ಎರಡನ್ನೂ ಮಾಡಿರಲಿಲ್ಲ. ಅಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ತಲೆ ತಗ್ಗಿಸಿ ಕುಳಿತೆ.

ಅವ್ವ ತನ್ನ ಬಟ್ಟಲನ್ನು ಸಾವಕಾಶ ಖಾಲಿ ಮಾಡಿ ಹೇಳಿದಳು: "ನಿಮ್ಮಪ್ಪಾರೂ ಮೊದಲನೇ ಸಲ ಉಪ್ಪಿಂದನ ಮಾಡಿದ್ರು. ನೀ ಶಾಳಿಗೆ ಹೋಗಿದ್ದಿ. ಹುಡುಗನ ಮುಂದ ಹೇಳಬ್ಯಾಡ ಅಂದಿದ್ರು. ಇಷ್ಟು ವರ್ಷ ಹೇಳಿರಲಿಲ್ಲ."

ಎಲ್ಲರೂ ನಕ್ಕರು. ನನಗೆ ನಗುವಿನ ಜೊತೆಗೆ ಇನ್ನೇನೋ ಬಂದು ಗಂಟಲಿಗೆ ಸಿಕ್ಕಿತು.

ಅಂದು ರಾತ್ರಿ ಊಟಕ್ಕೆ ಕೂಡ್ರುವ ಮೊದಲು ಪಾಟನ್ನು ತೊಳೆಯಲು ಕುಳಿತೆ. ಉಪ್ಪುನೀರನ್ನು ತುಳಸಿಯ ಕಡೆಗೆ ಹೋಗದಂತೆ ಮೋರಿಗೆ ಚೆಲ್ಲಿ, ಬಕೆಟ್ಟು, ಚಕ್ರ, ಹಿಡಿಕೆಗಳನ್ನು ಮೂರು ಸಲ ತೊಳೆದೆ. ಕೊನೆಯ ನೀರನ್ನು ಬೆರಳಿನಿಂದ ನಾಲಗೆಗೆ ಮುಟ್ಟಿಸಿ ನೋಡಿದೆ: ಉಪ್ಪಿರಲಿಲ್ಲ. ಒರಸಿ ಒಣಗಿಸಿ, ಹಲ್ಲುಗಳಿಗೆ ಮಾತ್ರ, ಡಬ್ಬಿಗೆ ತಾಗದಂತೆ, ಹೊಲಿಗೆ ಯಂತ್ರದ ಎಣ್ಣೆ ಎರಡೆರಡು ಹನಿ ಬಿಟ್ಟೆ. ವಾಸನೆ ಕಟ್ಟಬಾರದೆಂದು ಡಬ್ಬಿಯ ಬಾಯಿ ತೆರೆದಿಟ್ಟೆ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಪಾಟು ಇದ್ದರೆ ಈ ರವಿವಾರವೇ ಇಳಿಸಿ ನೋಡಿರಿ. ಐಸ್‌ಕ್ರೀಮ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬರುವ ವರ್ಷ ಇನ್ನೊಮ್ಮೆ ಆಗಬೇಕಾದರೆ ತೊಳೆಯುವ ಅರ್ಧ ತಾಸು ಬೇಕು. ನಾನು ಹಿಡಿಕೆ ಒರಸುತ್ತಿರುವಾಗ ಮಗಳು ಬಂದು ಅದನ್ನು ಒಮ್ಮೆ ತಿರುವಿದಳು. ಸದ್ದಿಲ್ಲದೆ ತಿರುಗಿತು. "ಒಂದು" ಎಂದಳು.