ಬಲೆಯ ಹೆಣಿಗೆ

ಪತ್ತೇದಾರನ ಕಥೆ ಬೇರೆ, ಗೂಢಚಾರನ ಕಥೆ ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ರೂಢಿ ನಮ್ಮಲ್ಲಿದೆ. ನನ್ನ ತಲೆಮಾರಿನವರು ಮನೆಯವರ ಕಣ್ಣು ತಪ್ಪಿಸಿ ಓದಿದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನೆನೆಯಿರಿ. ಪತ್ತೇದಾರನು ಬಾಗಿಲು ತಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಅಪರಾಧ ನಡೆದುಹೋಗಿರುತ್ತದೆ. ಅವನ ದಾರಿ ಹಿಂದಕ್ಕೆ. ನಡೆದುದನ್ನು ಬಗೆದು ನೋಡುವುದು ಅವನ ಕಸುಬು. ಗೂಢಚಾರನ ಕಥೆಯಲ್ಲಾದರೋ ಅನಾಹುತ ಇನ್ನೂ ಆಗಿಲ್ಲ, ಆಗಲಿದೆ. ಅದನ್ನು ತಡೆಯಲು ಅವನು ಮುಂದಕ್ಕೆ ಓಡಬೇಕು. ಓಟ, ಬೆನ್ನಟ್ಟುವಿಕೆ, ಹೊಡೆದಾಟ, ಕೊನೆಯ ಗಳಿಗೆಯ ಸ್ಫೋಟ ಇವೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತವೆಯೇ ಹೊರತು ನಿರ್ದೇಶಕನ ಹುರುಪಿನಿಂದಲ್ಲ.

ಇದನ್ನು ಬರೆಯಲು ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನಲ್ಲಿ ಕಿರುಚಿತ್ರಗಳನ್ನು ಮಾಡುತ್ತಿರುವ ಆತ ಕಳೆದ ತಿಂಗಳು ದೂರವಾಣಿಯಲ್ಲಿ, ‘ಸರ್, ಒಂದು ಸ್ಪೈ ಥ್ರಿಲ್ಲರ್ ಬರೀತಾ ಇದೀನಿ. ಫೈಟೆಲ್ಲ ರೆಡಿ ಇದೆ, ಕಥೆ ಮಾತ್ರ ಕೂರ್ತಾ ಇಲ್ಲ’ ಎಂದ. ನನಗೆ ನಗು ಬಂತು. ಬೀಗರೂಟಕ್ಕೆ ಎಲೆ ಹಾಕಿಯಾಗಿದೆ, ಮದುವೆಯೊಂದು ಗೊತ್ತಾಗಬೇಕು ಎಂದಂತಾಯಿತು. ಆದರೂ ಪ್ರಶ್ನೆ ಚೆನ್ನಾದದ್ದೇ. ಕನ್ನಡದಲ್ಲಿ ಇದಕ್ಕೆ ಉತ್ತರ ಹುಡುಕಲು ಒಳ್ಳೆಯ ಜಾಗವೂ ಉಂಟು.

1968ರಲ್ಲಿ ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ ತೆರೆಗೆ ಬಂತು. ‘ಬೇಡರ ಕಣ್ಣಪ್ಪ’ನಾಗಿ 1954ರಲ್ಲಿ ಕಾಣಿಸಿಕೊಂಡ ರಾಜಕುಮಾರ್ ಇಲ್ಲಿ ಸೂಟು ತೊಟ್ಟು, ಕೈಯಲ್ಲಿ ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆದರು. ಅದೇ ವರ್ಷ ‘ಮಣ್ಣಿನ ಮಗ’ನಾಗಿಯೂ ನಟಿಸಿದವರು ಇವರೇ ಎಂಬುದನ್ನು ನೆನೆದರೆ ಸೋಜಿಗವೆನಿಸುತ್ತದೆ. ಅದರ ಬೆನ್ನಿಗೇ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹಳ ತಡವಾಗಿ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಎರಡನೆಯದು ಲಕ್ಷ್ಮಿಯವರಿಗೂ, ಮೂರನೆಯದು ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ಅವರಿಗೂ ಕನ್ನಡದಲ್ಲಿ ಮೊದಲ ಚಿತ್ರಗಳು. ಬಾಂಡ್ ಚಿತ್ರಗಳ ಅಚ್ಚು ಎದ್ದು ಕಾಣುತ್ತಿತ್ತು, ನಿಜ. ‘ಡಾ. ನೋ’ ಬಂದದ್ದು 1962ರಲ್ಲಿ. ಆ ಗಾಳಿ ನಮ್ಮಲ್ಲಿಗೆ ತಲುಪಲು ಆರು ವರ್ಷ ಹಿಡಿಯಿತು. ಆದರೆ ದಾವಣಗೆರೆಯ ಗಿರಣಿ ಕಾರ್ಮಿಕನಾಗಲೀ, ಹರಿಹರದಿಂದ ಬಸ್ಸು ಹತ್ತಿ ಸಿನಿಮಾಕ್ಕೆಂದೇ ಬರುತ್ತಿದ್ದ ಹುಡುಗರಾಗಲೀ ಬಾಂಡ್‌ನನ್ನು ಕಂಡವರಲ್ಲ. ಹಾಗಿದ್ದೂ ಕಥೆ ಅವರಿಗೆ ಒಂದಿಷ್ಟೂ ತೊಡಕಾಗಲಿಲ್ಲ. ಏಕೆ ತೊಡಕಾಗಲಿಲ್ಲ ಎಂಬುದೇ ನನ್ನ ಕುತೂಹಲ.

ಇಟಲಿಯ ವಿದ್ವಾಂಸ ಉಂಬರ್ಟೊ ಎಕೊ 1965ರಲ್ಲಿ ಇಯಾನ್ ಫ್ಲೆಮಿಂಗನ ಬಾಂಡ್ ಕಾದಂಬರಿಗಳನ್ನು ಬಿಡಿಸಿ ನೋಡಿ, ಅವೆಲ್ಲ ಚದುರಂಗದ ಒಂಬತ್ತು ನಡೆಗಳಂತೆ ಎಂದ. ಮೇಲಧಿಕಾರಿ ಕೆಲಸ ಒಪ್ಪಿಸುತ್ತಾನೆ, ಖಳ ಕಾಣಿಸಿಕೊಳ್ಳುತ್ತಾನೆ, ಇಬ್ಬರಲ್ಲೊಬ್ಬರು ಮೊದಲ ಏಟು ಕೊಡುತ್ತಾರೆ, ಹೆಣ್ಣೊಬ್ಬಳು ಬರುತ್ತಾಳೆ, ನಾಯಕನಿಗೆ ಒಲಿಯುತ್ತಾಳೆ, ಖಳನು ನಾಯಕನನ್ನು ಸೆರೆಹಿಡಿದು ಹಿಂಸಿಸುತ್ತಾನೆ, ನಾಯಕನು ಅವನನ್ನು ಮುಗಿಸುತ್ತಾನೆ, ಗಾಯ ಮಾಯುವವರೆಗೆ ಹೆಣ್ಣಿನ ಜೊತೆಗಿದ್ದು ಕೊನೆಗೆ ಅವಳನ್ನು ಕಳೆದುಕೊಳ್ಳುತ್ತಾನೆ. ನಡೆಗಳ ಅನುಕ್ರಮ ಹಿಂದುಮುಂದಾಗಬಹುದು, ನಡೆಗಳು ಮಾತ್ರ ಅವೇ.

ಇದನ್ನು ಓದಿದಾಗ ನನಗೆ ನೆನಪಾದದ್ದು ಬಾಂಡ್ ಅಲ್ಲ, ಸುಂದರಕಾಂಡ. ಒಡೆಯನು ಉಂಗುರವೊಂದನ್ನು ಕೊಟ್ಟು ಕೆಲಸ ಒಪ್ಪಿಸುತ್ತಾನೆ. ದೂತನು ಕಡಲು ಹಾರುತ್ತಾನೆ, ಸುರಸೆ, ಸಿಂಹಿಕೆಯರ ಅಡ್ಡಿ ದಾಟುತ್ತಾನೆ, ರೂಪ ಕುಗ್ಗಿಸಿಕೊಂಡು ರಾತ್ರಿ ಶತ್ರುವಿನ ಕೋಟೆ ಹೊಗುತ್ತಾನೆ, ಸೆರೆಯಲ್ಲಿರುವವಳನ್ನು ಕಂಡು ಉಂಗುರ ಕೊಟ್ಟು ಗುರುತಿಗೆ ಚೂಡಾಮಣಿ ಪಡೆಯುತ್ತಾನೆ, ಸಿಕ್ಕಿಬೀಳುತ್ತಾನೆ, ಖಳನ ಸಭೆಯಲ್ಲಿ ನಿಂತು ಮಾತನಾಡುತ್ತಾನೆ, ಬಾಲಕ್ಕಿಟ್ಟ ಬೆಂಕಿಯಿಂದಲೇ ಊರು ಸುಟ್ಟು ಹಿಂತಿರುಗಿ ವರದಿ ಒಪ್ಪಿಸುತ್ತಾನೆ. (ಒಲಿಯುವ ಹೆಣ್ಣಿನ ನಡೆ ಇಲ್ಲಿಲ್ಲ, ನಮ್ಮ ದೂತ ಬ್ರಹ್ಮಚಾರಿ.) ನಮ್ಮ ಸೀಮೆಯ ಬಯಲಾಟಗಳಲ್ಲಿ, ಶ್ರಾವಣದ ಪುರಾಣ ಪ್ರವಚನಗಳಲ್ಲಿ ಈ ಹಂದರವನ್ನು ಚಿಕ್ಕಂದಿನಿಂದ ಕೇಳಿದವರಿಗೆ 999 ಹೊಸಬನಾಗಲು ಹೇಗೆ ಸಾಧ್ಯ?

ಸುಂದರಕಾಂಡದ ಒಂದು ಎಳೆಯನ್ನು ಇಂದಿನ ಚಿತ್ರಕಥೆಗಾರರು ಗಮನಿಸಬೇಕು. ತರಗತಿಯಲ್ಲಿ ಸಿನಿಮಾದ ಮಾತು ಬಂದಾಗಲೆಲ್ಲ ಹುಡುಗರು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: ‘ಸಾರ್, ವಿಲನ್ ಹೀರೋನ ಹಿಡಿದ ಮೇಲೆ ಸುಮ್ನೆ ಶೂಟ್ ಮಾಡಬಾರ್ದಾ? ಯಾಕೆ ಭಾಷಣ ಮಾಡ್ತಾನೆ?’ ಕಥೆಯ ಕಡೆಯಿಂದ ನೋಡಿದರೆ ಭಾಷಣ ಬೇಕೇ ಬೇಕು. ಅಲ್ಲಿಯವರೆಗೆ ಮುಚ್ಚಿಟ್ಟ ಸಂಚು ಹೊರಬೀಳಲು, ಇಬ್ಬರೂ ಮುಖಾಮುಖಿಯಾಗಲು ಬೇರೆ ಜಾಗವಿಲ್ಲ. ಆದರೆ ಕಥೆಗೆ ಬೇಕು ಎಂಬುದು ಖಳನಿಗೆ ಕಾರಣವಾಗದು. ಅವನಿಗೆ ಅವನದೇ ಕಾರಣವಿರಬೇಕು. ವಾಲ್ಮೀಕಿಯ ಹನುಮಂತ ಕಟ್ಟಿನಲ್ಲಿ ಉಳಿಯುವುದು ರಾವಣನನ್ನು ಕಾಣಬೇಕೆಂಬ ತನ್ನದೇ ಇಚ್ಛೆಯಿಂದ. ರಾವಣ ಅವನನ್ನು ಕೊಲ್ಲಲು ಆಜ್ಞೆಯನ್ನೂ ಮಾಡುತ್ತಾನೆ; ದೂತವಧೆ ಧರ್ಮವಲ್ಲವೆಂದು ವಿಭೀಷಣ ತಡೆಯುತ್ತಾನೆ. ಎಷ್ಟು ಬಿಗಿಯಾದ ಕೂಡಿಕೆ! ಮುಂದೆ ವಿಭೀಷಣ ಪಕ್ಷ ಬದಲಿಸುವುದರ ಬೀಜವೂ ಅಲ್ಲೇ ಬಿತ್ತು. ಈ ಕೂಡಿಕೆಯಿಲ್ಲದೆ ಖಳನನ್ನು ಸುಮ್ಮನೆ ಗಹಗಹಿಸಿ ನಗಿಸುವ ಚಿತ್ರಗಳನ್ನು ಕಂಡರೆ ನನಗೆ ಇಂದಿಗೂ ಬೇಸರವೇ.

ನಾಯಕ ಗೆಲ್ಲುತ್ತಾನೆಂದು ಮೊದಲೇ ಗೊತ್ತಿದ್ದರೂ ನಾವು ಕುರ್ಚಿಯ ತುದಿಗೆ ಬರುವುದೇಕೆ? ನಮ್ಮೂರಿನ ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟಿನಲ್ಲಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಟು ಹಾಕಿದೆ, ಗೂಡ್ಸ್ ಗಾಡಿ ಬಂದಿಲ್ಲ. ಮನೆಗೆ ಹೊರಟವನಿಗೆ ಅದು ಬರೀ ಕಿರಿಕಿರಿ. ಆದರೆ ಸೈಕಲ್ಲಿನ ಮೇಲೆ ಕುಳಿತ ಹುಡುಗನಿಗೆ ಆಚೆ ಬದಿಯ ಶಾಲೆಯಲ್ಲಿ ಪರೀಕ್ಷೆಯ ಗಂಟೆ ಹೊಡೆಯಲು ಐದೇ ನಿಮಿಷವಿದೆಯೆಂದು ನಮಗೆ ತಿಳಿದುಬಿಟ್ಟರೆ, ಅದೇ ಗೇಟು, ಅದೇ ಗಾಡಿ, ನಮ್ಮ ಅಂಗೈ ಬೆವರುತ್ತದೆ. ಹಿಚ್‌ಕಾಕ್ ಮೇಜಿನಡಿಯ ಬಾಂಬಿನ ಉದಾಹರಣೆಯಿಂದ ಹೇಳಿದ್ದೂ ಇದನ್ನೇ. ಬಾಂಬು ದಿಢೀರನೆ ಸಿಡಿದರೆ ಬೆಚ್ಚುವುದು ಒಂದು ಕ್ಷಣ. ಇದೆಯೆಂದು ಪ್ರೇಕ್ಷಕನಿಗೆ ಮೊದಲೇ ಹೇಳಿದರೆ ಅಷ್ಟು ಹೊತ್ತೂ ಉಸಿರು ಬಿಗಿಹಿಡಿಯುತ್ತಾನೆ. ಗೂಢಚಾರ ಚಿತ್ರದ ಸಂವಿಧಾನವೆಂದರೆ ಯಾರಿಗೆ, ಯಾವಾಗ, ಎಷ್ಟು ತಿಳಿಯಬೇಕೆಂಬುದರ ಹಂಚಿಕೆ.

ಬಾಂಡ್ ಚಿತ್ರಗಳಲ್ಲೇ ಎರಡು ಬಗೆ ನೋಡಿ. ‘ಡಾ. ನೋ’ ಚಿತ್ರದಲ್ಲಿ ಖಳನ ಮುಖ ನಮಗೆ ಬಹಳ ತಡವಾಗಿ ಕಾಣುತ್ತದೆ. ನಾಯಕನಿಗೆ ತಿಳಿದಷ್ಟೇ ನಮಗೂ ತಿಳಿದಿರುತ್ತದೆ. ಮರುವರ್ಷದ ‘ಫ್ರಮ್ ರಷ್ಯಾ ವಿತ್ ಲವ್’ ಇದರ ತಿರುಗುಮುರುಗು. ಚದುರಂಗದ ಆಟಗಾರನೊಬ್ಬ ಬಾಂಡನಿಗಾಗಿ ಹೆಣೆದ ಬಲೆಯನ್ನು ಮೊದಲು ನಮಗೆ ತೋರಿಸುತ್ತಾರೆ. ನಿಜವಾದ ಬಾಂಡ್ ಬರುವುದು ಆಮೇಲೆ. ರೈಲಿನ ಇಕ್ಕಟ್ಟು ಕೋಣೆಯ ಹೊಡೆದಾಟ ಇಂದಿಗೂ ಹೆಸರಾಗಿರುವುದು ಏಟುಗಳ ಬಲದಿಂದಲ್ಲ. ಜೊತೆಗೆ ಕುಳಿತು ಉಂಡವನು ಕೊಲೆಗಾರನೆಂದು ನಮಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಇದೂ ನಮ್ಮಲ್ಲಿ ಹಳೆಯದೇ. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು, ಅದರ ವಸ್ತುವನ್ನು ಬಳಸಿಕೊಂಡು ಕೆಂಪುನಾರಾಯಣ 1823ರಲ್ಲಿ ಕನ್ನಡ ಗದ್ಯದಲ್ಲಿ ಬರೆದ ‘ಮುದ್ರಾಮಂಜೂಷ’ವನ್ನು ಕನ್ನಡ ಮೇಷ್ಟರಾದವರು ಮರೆಯುವಂತಿಲ್ಲ. ನಾಟಕದ ಮೊದಲ ಅಂಕದಲ್ಲೇ ಯಮಪಟ ಹಿಡಿದ ಗೂಢಚಾರನಿಂದ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರುತ್ತದೆ, ಕಪಟಪತ್ರ ಸಿದ್ಧವಾಗುತ್ತದೆ. ಆ ಪತ್ರ ಸಿಡಿಯುವುದು ಐದನೆಯ ಅಂಕದಲ್ಲಿ. ನಡುವೆ ರಾಕ್ಷಸ ಒಂದೊಂದು ಹೆಜ್ಜೆ ಇಟ್ಟಾಗಲೂ ನಮಗೆ ಮಾತ್ರ ಗೊತ್ತು, ಅವನು ಬಲೆಯೊಳಗೇ ನಡೆಯುತ್ತಿದ್ದಾನೆಂದು. ರಂಗದ ಮೇಲೆ ಯುದ್ಧವೊಂದು ನಡೆಯದಿದ್ದರೂ ಉಸಿರು ಕಟ್ಟಿಸುವ ನಾಟಕವದು.

ಇನ್ನು ಎಲ್ಲರೂ ಹಿಂದೆ ಬೀಳುವ ಆ ವಸ್ತು. ‘ಜೇಡರ ಬಲೆ’ಯಲ್ಲಿ ಅದು ಲೋಹವನ್ನು ಚಿನ್ನ ಮಾಡುವ ವಿಜ್ಞಾನಿಯ ಸೂತ್ರ. ಸೂತ್ರದ ರಸಾಯನಶಾಸ್ತ್ರ ಯಾರಿಗೂ ಬೇಕಿಲ್ಲ; ಅದು ಕೆಟ್ಟವರ ಕೈಸೇರಬಾರದು, ಅಷ್ಟು ಸಾಕು. ಉಂಗುರ, ಪತ್ರ, ಸೂತ್ರ, ವಜ್ರ ಎಲ್ಲವೂ ಕಥೆಗೆ ಕಟ್ಟಿದ ಹಗ್ಗ ಮಾತ್ರ.

ಆ ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ‘ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕು. ನಾಯಕನಿಗೆ ಗೊತ್ತಿರುವುದು, ಖಳನಿಗೆ ಗೊತ್ತಿರುವುದು, ಪ್ರೇಕ್ಷಕನಿಗೆ ಗೊತ್ತಿರುವುದು. ನಿನ್ನ ಪ್ರತಿಯೊಂದು ಫೈಟಿನ ನಂತರವೂ ಯಾವುದಾದರೊಂದು ಕಾಲಮ್ಮಿನಲ್ಲಿ ಹೊಸ ಸಾಲು ಸೇರದಿದ್ದರೆ ಆ ಫೈಟನ್ನು ಹೊಡೆದುಹಾಕು.’ ಹನ್ನೊಂದು ಫೈಟುಗಳಲ್ಲಿ ನಾಲ್ಕು ಉಳಿದವೆಂದು ಆಮೇಲೆ ತಿಳಿಸಿದ. ಮಧ್ಯಂತರ ಎಲ್ಲಿ ಬರಬೇಕೆಂಬುದನ್ನೂ ವಿಚಾರಿಸಿದ. ಅದು ನಮ್ಮ ಚಿತ್ರಗಳಿಗೇ ಅಂಟಿದ ಕಟ್ಟುಪಾಡು. ನೋಡುವವನು ಹೊರಗೆ ಹೋಗಿ ಮಂಡಕ್ಕಿ–ಮೆಣಸಿನಕಾಯಿ ತಿಂದು ಬರುವಷ್ಟು ಹೊತ್ತು ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಬೇಕು. ಆದ್ದರಿಂದ ನಮ್ಮಲ್ಲಿ ಗೂಢಚಾರನ ಗುಟ್ಟು ಬಯಲಾಗುವುದಕ್ಕೆ ಮಧ್ಯಂತರವೇ ಪ್ರಶಸ್ತ.

ಇಷ್ಟೆಲ್ಲ ಹೊಗಳಿದ ಹಂದರದಲ್ಲಿ ಒಂದು ಕೋಣೆ ಖಾಲಿಯಿದೆ. ವಿದ್ಯಾನಗರದಲ್ಲಿ ನಮ್ಮ ಎದುರು ಮನೆಯಲ್ಲಿ ಹಿರಿಯ ತಾಯಿಯೊಬ್ಬರಿದ್ದಾರೆ. ಅವರ ಮಗನೂ ನನ್ನ ಶಿಷ್ಯನೇ. ಕೇಂದ್ರ ಸರ್ಕಾರದ ಕೆಲಸ. ಯಾವ ಇಲಾಖೆ, ಯಾವ ಊರು ಎಂದು ತಾಯಿಗೂ ಸರಿಯಾಗಿ ಹೇಳಿಲ್ಲ. ಒಂದು ಭಾನುವಾರ ನಮ್ಮ ಮನೆಯಲ್ಲಿ ಟೀವಿಯಲ್ಲಿ ಇತ್ತೀಚಿನ ಹಿಂದಿ ಗೂಢಚಾರ ಚಿತ್ರವೊಂದು ಬರುತ್ತಿತ್ತು. ಅವರು ಕೊನೆಯವರೆಗೂ ಮಾತಿಲ್ಲದೆ ನೋಡಿದರು. ಮುಗಿದ ಮೇಲೆ, ‘ಅಲ್ರೀ ಮೇಷ್ಟ್ರೇ, ಇವನ ಮನೇಲಿ ಯಾರೂ ಇಲ್ಲೇನ್ರೀ?’ ಎಂದು ಕೇಳಿದರು.

ಇಲ್ಲ. ಇರಲು ಹಂದರ ಬಿಡುವುದಿಲ್ಲ. ಒಂಬತ್ತು ನಡೆಗಳಲ್ಲಿ ಮನೆಗೆ ಹೋಗುವ ನಡೆಯೊಂದಿಲ್ಲ. ಕೊನೆಯಲ್ಲಿ ಹೆಣ್ಣೂ ಕೈಬಿಟ್ಟು ಹೋಗಬೇಕು, ಏಕೆಂದರೆ ಮುಂದಿನ ಕಥೆಗೆ ಅವನು ಮತ್ತೆ ಒಂಟಿಯಾಗಿ ಸಿದ್ಧನಿರಬೇಕು. ದೊರೈ–ಭಗವಾನ್ ಅವರಿಗೂ ಈ ಕೊರತೆ ತಟ್ಟಿರಬೇಕೆಂದು ನನ್ನ ಊಹೆ. 1969ರ ನಂತರ ಅವರು 999ನನ್ನು ಒಂಬತ್ತು ವರ್ಷ ಬದಿಗಿಟ್ಟು, ಅದೇ ರಾಜಕುಮಾರರನ್ನಿಟ್ಟುಕೊಂಡು ‘ಕಸ್ತೂರಿ ನಿವಾಸ’ (1971), ವಾಣಿಯವರ ಕಾದಂಬರಿಯ ‘ಎರಡು ಕನಸು’ (1974) ಮಾಡಿದರು. ಎರಡೂ ಮನೆಯೊಳಗಿನ ಕಥೆಗಳೇ.

ಮನೆಯನ್ನೂ ಈ ಹಂದರದೊಳಕ್ಕೆ ತಂದದ್ದು 1981ರ ‘ಅಂತ’. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಅಂಬರೀಶ್ ಅಭಿನಯಿಸಿದ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ತನ್ನನ್ನೇ ಹೋಲುವ ಕನ್ವರ್‌ಲಾಲನಾಗಿ ದುಷ್ಟರ ಕೂಟ ಸೇರುತ್ತಾನೆ. ವೇಷ, ಪ್ರವೇಶ, ಸೆರೆ, ಹಿಂಸೆ ಎಲ್ಲವೂ ಅವೇ ನಡೆಗಳು. ಆದರೆ ಇವನಿಗೆ ಹೆಂಡತಿಯಿದ್ದಾಳೆ, ಅವಳು ಗರ್ಭಿಣಿ. ಅಷ್ಟೊಂದು ಬದಲಾವಣೆಯಿಂದ ಇಡೀ ಕಥೆಯ ತೂಕ ಬೇರೆಯಾಗುತ್ತದೆ. 999ನಿಗೆ ಬಿದ್ದ ಏಟು ಮುಂದಿನ ದೃಶ್ಯದಲ್ಲಿ ಮಾಯುತ್ತದೆ. ಸುಶೀಲ್ ಕುಮಾರನ ಉಗುರು ಕೀಳುವ ದೃಶ್ಯವನ್ನು ನೋಡಿದವರು ನಲವತ್ತು ವರ್ಷಗಳ ಮೇಲೂ ನೆನೆದು ಮುಖ ಕಿವುಚುತ್ತಾರೆ. ಆ ಚಿತ್ರ ನೋಡಿ ಬಂದ ರಾತ್ರಿ ನನಗಂತೂ ನಿದ್ದೆ ಬರಲಿಲ್ಲ. ಮತ್ತೊಮ್ಮೆ ನೋಡುವ ಮನಸ್ಸೂ ಆಗಿಲ್ಲ, ಆದರೆ ನಾಲ್ಕು 999 ಚಿತ್ರಗಳಿಗಿಂತ ಅದು ದೊಡ್ಡದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಎದುರು ಮನೆಯ ತಾಯಿಗೆ ನಾನು ‘ಅಂತ’ದ ಹೆಸರೆತ್ತಲಿಲ್ಲ. ‘ಇರ್ತಾರಮ್ಮ, ಸಿನಿಮಾದಲ್ಲಿ ತೋರಿಸಿಲ್ಲ ಅಷ್ಟೆ’ ಎಂದೆ. ಕಳೆದ ಯುಗಾದಿಗೆ ಅವರ ಮಗ ಎರಡು ದಿನದ ಮಟ್ಟಿಗೆ ಬಂದಿದ್ದ. ಬೆಳಿಗ್ಗೆ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದವನು ನನ್ನನ್ನು ಕಂಡು ಕುರ್ಚಿಯಿಂದಿಳಿದು ನಮಸ್ಕರಿಸಿದ. ಎಲ್ಲಿಂದ ಬಂದೆಯೆಂದು ನಾನು ಕೇಳಲಿಲ್ಲ. ಯಾವಾಗ ಹೊರಡುತ್ತೀ ಎಂದೂ ಕೇಳಲಿಲ್ಲ. ಒಳಗಿನಿಂದ ಅವರಮ್ಮ, ‘ಮೇಷ್ಟ್ರಿಗೂ ಒಂದು ಹೋಳಿಗೆ ಹಾಕ್ತೀನಿ, ಹೋಗಬೇಡ ಅನ್ನು’ ಎಂದು ಕೂಗಿ ಹೇಳುತ್ತಿದ್ದರು.