ತುತ್ತಿನ ಹದವೂ ಒಂದು ಅಮಾನತ್

ಹಿಜ್ರತ್‌ನ ಬಳಿಕ ಅಸ್ಮಾ(ರ)ರಿಗೆ ಅಬ್ದುಲ್ಲಾ ಬಿನ್ ಝುಬೈರ್(ರ) ಜನಿಸಿದಾಗ ಪ್ರವಾದಿ(ಸ)ರು ಖರ್ಜೂರವನ್ನು ಜಗಿದು ಮೆದುಗೊಳಿಸಿ ಆ ಕೂಸಿನ ಬಾಯಿಗೆ ಸವರಿದರು. ಇದನ್ನೇ ನಾವು ತಹ್ನೀಕ್ ಎನ್ನುತ್ತೇವೆ. ಈ ಪಾಠವನ್ನು ಹೇಳುವಾಗಲೆಲ್ಲ ನನ್ನ ಮನಸ್ಸು ಒಂದು ಅಂಶದಲ್ಲಿ ನಿಲ್ಲುತ್ತದೆ. ಖರ್ಜೂರದ ಸಿಹಿ ಮಗುವನ್ನು ತಲುಪುವ ಮುನ್ನ, ಅದರ ಹದವು ಮಗುವಿಗೆ ಹೊಂದುವಂತಾಗಿತ್ತು.

ಆರ್.ಟಿ. ನಗರದಲ್ಲಿ ನನ್ನ ಬಳಿ ಓದುವ ಬಾಲಕಿಯೊಬ್ಬಳ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ. ಅವನಿಗೆ ಈಗ ಮೂರು ವರ್ಷ. ಅವನ ತಾಯಿ ಒಮ್ಮೆ ಕೇಳಿದರು: “ಹಜ್ರತ್, ರಾಗಿ ಸರಿಯನ್ನು ಸುಮ್ಮನೆ ನುಂಗುತ್ತಾನೆ, ನೀರು ಕುಡಿಸಿದರೆ ಕೆಮ್ಮುತ್ತಾನೆ. ಬಂದವರೆಲ್ಲ ಸರಿಯನ್ನು ಇನ್ನೂ ತೆಳ್ಳಗೆ ಮಾಡು ಅನ್ನುತ್ತಾರೆ. ಯಾರ ಮಾತು ಕೇಳಲಿ?”

ತಿಳಿಯದ್ದನ್ನು ತಿಳಿದವರಲ್ಲಿ ಕೇಳಬೇಕೆಂಬುದು ಕುರ್‌ಆನಿನ ಬೋಧನೆ. ನುಂಗುವಿಕೆಯ ವಿಷಯದಲ್ಲಿ ತಿಳಿದವರು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ನಮಗೆ ಸಮೀಪದ ಹೆಣ್ಣೂರು ರಸ್ತೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯೂ ಇಂತಹ ತಜ್ಞರನ್ನು ತರಬೇತುಗೊಳಿಸುತ್ತವೆ. ಆ ತಾಯಿ ತಜ್ಞರೊಬ್ಬರನ್ನು ಕಂಡು ಕಲಿತುಬಂದ ಸಂಗತಿಗಳು ನನಗೂ ಪಾಠವಾದವು.

ತೆಳುವಾದುದು ಸುಲಭ ಎಂಬುದು ನಮ್ಮೆಲ್ಲರ ಎಣಿಕೆ. ಆದರೆ ನೀರು ವೇಗವಾಗಿ ಹರಿಯುತ್ತದೆ. ಗಂಟಲಿನ ಸ್ನಾಯುಗಳು ನಿಧಾನವಾಗಿರುವ ಮಗುವಿನಲ್ಲಿ ಉಸಿರ್ನಾಳ ಮುಚ್ಚಿಕೊಳ್ಳುವ ಮೊದಲೇ ಅದು ಒಳನುಗ್ಗಿ ಶ್ವಾಸಕೋಶವನ್ನು ಸೇರಬಲ್ಲದು. ಅದರಿಂದ ನ್ಯುಮೋನಿಯಾ ಬರಬಲ್ಲದು. ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ. ಆದ್ದರಿಂದ ಕೆಮ್ಮಿಲ್ಲವೆಂಬ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು.

ಹದವನ್ನು ಅಳೆಯಲು ಜಗತ್ತಿನ ತಜ್ಞರು ‘ಐಡಿಡಿಎಸ್‌ಐ’ ಎಂಬ ಕ್ರಮವನ್ನು ರೂಪಿಸಿದ್ದಾರೆ. ಅದರಲ್ಲಿ 0ಯಿಂದ 7ರವರೆಗೆ ಹಂತಗಳಿವೆ. ನೀರು 0, ಸಾಮಾನ್ಯ ಊಟ 7. 4ನೇ ಹಂತದ ನುಣ್ಣನೆಯ ಆಹಾರವು ಚಮಚದಲ್ಲಿ ತನ್ನ ಆಕಾರವನ್ನು ಉಳಿಸಿಕೊಂಡಿರಬೇಕು. ಚಮಚವನ್ನು ಓರೆ ಮಾಡಿದಾಗ ಅಂಟಿಕೊಳ್ಳದೆ ಒಟ್ಟಾಗಿ ಜಾರಿಬೀಳಬೇಕು. 5ನೇ ಹಂತದಲ್ಲಿ ಮಕ್ಕಳ ಆಹಾರದ ಚೂರುಗಳು 2 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಯಾವ ಮಗುವಿಗೆ ಯಾವ ಹಂತವೆಂಬುದನ್ನು ಪರೀಕ್ಷಿಸಿ ಹೇಳುವವರು ತಜ್ಞರು. ಪ್ರತಿದಿನ ಆ ಹದವನ್ನು ಕಾಯುವವಳು ತಾಯಿ.

ಈ ಕಾವಲು ಸುಲಭವಲ್ಲ. ರಾಗಿ ಸರಿ ಒಲೆಯ ಮೇಲಿದ್ದಾಗ ಒಂದು ಹದ, ಆರಿದ ಮೇಲೆ ಇನ್ನಷ್ಟು ಗಟ್ಟಿ. ಆದ್ದರಿಂದ ಮಗುವಿಗೆ ತಿನ್ನಿಸುವ ಬಿಸಿಯಲ್ಲಿಯೇ ಚಮಚದ ಪರೀಕ್ಷೆ ನಡೆಯಬೇಕು. ಎಂಜಲು ತಾಗಿದ ಚಮಚವು ಮರಳಿ ಬಟ್ಟಲಿಗೆ ಹೋದರೆ, ಜೊಲ್ಲಿನ ಕಿಣ್ವವು ಪಿಷ್ಟವನ್ನು ಒಡೆದು ಸರಿಯನ್ನು ನೀರಾಗಿಸುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟೂ ಹೀಗೆಯೇ ತೆಳುವಾಗುತ್ತದೆ. ರಮಝಾನಿನ ನಮ್ಮ ಗಂಜಿಯಲ್ಲಿ ತಿಳಿಯೇ ಬೇರೆ, ಅಗುಳೇ ಬೇರೆ. ಎರಡು ಹದಗಳು ಒಂದೇ ತುತ್ತಿನಲ್ಲಿ ಬಂದಾಗ ಇಂತಹ ಮಗುವಿಗೆ ಕಷ್ಟ ಹೆಚ್ಚು. ಅಂಗಡಿಯ ಗಟ್ಟಿಗೊಳಿಸುವ ಪುಡಿಯನ್ನಂತೂ, ವಿಶೇಷವಾಗಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ, ವೈದ್ಯರ ಸಲಹೆಯಿಲ್ಲದೆ ಕೊಡಲೇಬಾರದು. ತಹ್ನೀಕ್ ಕೂಡ ಹಾಗೆಯೇ: ಕೂಸಿಗೆ ಹಾಲು ಚೀಪಲು, ನುಂಗಲು ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳುವುದೇ ವಿವೇಕ.

ಸಹೋದರ ಸಹೋದರಿಯರೇ, ಆ ತಾಯಿಗೆ ಇಂದು ಅಡುಗೆಮನೆಗಿಂತ ಹೆಚ್ಚಿನ ಆತಂಕ ಇಫ್ತಾರ್ ಕೂಟಗಳಲ್ಲಿದೆ. ಅಲ್ಲಿ ಯಾರೋ ಪ್ರೀತಿಯಿಂದ ಶರಬತ್ತಿನ ಲೋಟವನ್ನು ಮಗುವಿನ ತುಟಿಗೆ ಹಿಡಿಯುತ್ತಾರೆ. ತಡೆದರೆ ‘ಒಂದು ಗುಟುಕಿಗೆ ಏನಾಗುತ್ತದೆ’ ಎಂಬ ಮಾತು, ಮೇಲೆ ‘ಮಗುವಿಗೆ ನೀರು ಕೊಡದ ತಾಯಿ’ ಎಂಬ ಚುಚ್ಚುನುಡಿ. ಮಗು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದರ ತುತ್ತಿನ ಹದವೂ ಆ ಅಮಾನತ್‌ನ ಭಾಗವೇ. ಇಂತಹ ಮಗುವಿರುವ ಮನೆಗೆ ಹೋದಾಗ ಏನನ್ನೂ ತಿನ್ನಿಸುವ ಮೊದಲು ತಾಯಿಯನ್ನು ಕೇಳೋಣ. ಅವಳು ಬೇಡವೆಂದರೆ ಕೈ ಹಿಂತೆಗೆಯೋಣ. ಅವಳು ತಿನ್ನಿಸಲು ತೆಗೆದುಕೊಳ್ಳುವ ಆ ಒಂದು ಗಂಟೆಯಲ್ಲಿ ಅವಳ ಬೇರೆ ಮಕ್ಕಳನ್ನು ನೋಡಿಕೊಳ್ಳೋಣ. ಆ ಮನೆಗೆ ನಾವು ಕೊಂಡೊಯ್ಯಬಹುದಾದ ಉತ್ತಮ ಹದ್ಯಾ ಅದೇ.