ತೊಟ್ಟಿಕ್ಕುವ ಜಾಗ, ಸೋರುವ ಜಾಗ

ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಯಿದೆ. ಅದರ ಅಂಗಳಕ್ಕೆ ಶಹಾಬಾದದ ಬೂದುಬಣ್ಣದ ಕಲ್ಲು ಹಾಸಿದೆ. ಬೇಸಿಗೆಯ ಒಂದು ಮುಂಜಾವು ಅಂಗಳ ಗುಡಿಸಲು ಬಂದ ಅವರ ಧರ್ಮಪತ್ನಿ, ಕಾರಿನ ಕೆಳಗೆ ಕೆಂಪು ಕಲೆಯೊಂದನ್ನು ಕಂಡು, ಯಾವುದೋ ಜೀವಿ ಗಾಲಿಗೆ ಸಿಕ್ಕಿ ಸತ್ತಿರಬೇಕೆಂದು ಗಾಬರಿಯಾದರು. ಮಾಸ್ತರರು ಬಂದು ಬಗ್ಗಿ ನೋಡಿದರು. ಬೆರಳಿಗೆ ಹತ್ತಿದ್ದು ರಕ್ತವಲ್ಲ, ಎಣ್ಣೆ. ದಂಪತಿಗಳು ಸಮಾಧಾನದ ಉಸಿರು ಬಿಟ್ಟರು. ಆದರೆ ಆ ಕಲೆಯ ನೆಪದಲ್ಲಿ ಒಂದು ಜೀವಕ್ಕೆ ನೋವಾಗುವುದಿತ್ತು. ಅದು ಅವರಿಗೆ ಅರಿವಾಗಲು ಎರಡು ತಿಂಗಳು ಬೇಕಾಯಿತು.

ಕಾರು ಹನ್ನೊಂದು ವರ್ಷ ಹಳೆಯದು, ಕಲಬುರಗಿಯಲ್ಲಿ ಕೊಂಡದ್ದು. ಮಾಸ್ತರರ ಎಡ ಮೊಣಕಾಲು ಸವೆದು ಕ್ಲಚ್ ಒತ್ತಲಾಗದೆ ಇದ್ದುದರಿಂದ, ತಾನಾಗಿಯೇ ಗೇರು ಬದಲಿಸುವ ಗಾಡಿಯನ್ನೇ ಹುಡುಕಿ ತಂದಿದ್ದರು. ಇಂಥ ಗಾಡಿಗಳಲ್ಲಿಯೂ ಭೇದಗಳಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಅಗ್ಗದ ಬಗೆಯಲ್ಲಿ ಇರುವುದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಮಾಸ್ತರರದು ಹಳೆಯ ಬಗೆಯ ಆಟೊಮ್ಯಾಟಿಕ್. ಅದರಲ್ಲಿ ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ತಲುಪುವುದೇ ಒಂದು ದ್ರವದ ಮೂಲಕ. ಆ ದ್ರವವೇ ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುತ್ತದೆ, ಹಲ್ಲುಗಳಿಗೆ ಜಿಡ್ಡು ಕೊಡುತ್ತದೆ, ಕಾವನ್ನು ಹೊತ್ತು ಹೊರಗೆ ಒಯ್ಯುತ್ತದೆ. ಬೇರೆ ಎಣ್ಣೆಗಳಿಂದ ಬೇರೆಯಾಗಿ ಗುರುತು ಸಿಗಲೆಂದು ಅದಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ.

ಕಲೆ ಕಾಣುವುದಕ್ಕೆ ಮೂರು ವಾರ ಮೊದಲು ಆಳಂದದ ಒಂದು ಗ್ಯಾರೇಜಿನಲ್ಲಿ ಆ ದ್ರವವನ್ನು ಬದಲಿಸಲಾಗಿತ್ತು. ಬದಲಿಸಿದವನು ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ಹರೆಯದ ಹುಡುಗ. ಮಾಸ್ತರರು ಗಾಡಿಯನ್ನು ಅಲ್ಲಿಗೇ ಒಯ್ದರು. ಕೆಳಗಿಳಿದು ನೋಡಿದಾಗ ಹನಿ ನಿಂತದ್ದು ಎಣ್ಣೆ ಇಳಿಸುವ ನಟ್ಟಿನ ತುದಿಯಲ್ಲಿ. ಅಷ್ಟು ಸಾಕಾಯಿತು.

"ಸರಿಯಾಗಿ ಬಿಗಿ ಮಾಡಿಲ್ಲ ನೋಡು. ಕೆಲಸದಾಗ ಲಕ್ಷ್ಯ ಇಲ್ಲಂದ್ರ ಹಿಂಗೇ ಆಗ್ತದ" ಎಂದರು ಮಾಸ್ತರರು. ಮೂವತ್ತೈದು ವರ್ಷ ಪಾಠ ಹೇಳಿದ ದನಿ ಅದು. ಅಕ್ಕಪಕ್ಕದ ಅಂಗಡಿಯವರಿಗೂ ಕೇಳಿಸಿತು.

"ನಾ ನಟ್ಟು ಬರಾಬರ್ ಟೈಟ್ ಮಾಡೀನ್ರಿ ಸರ್. ವಾಶರ್ ಭಿ ಹೊಸದೇ ಹಾಕೀನ್ರಿ" ಎಂದ ಹುಡುಗ. ಮತ್ತೆ ಮಾತಾಡಲಿಲ್ಲ.

ಮಾಲಕರು ತಾವೇ ಪಾನಾ ಹಿಡಿದು ನಟ್ಟನ್ನು ಇನ್ನೊಂದು ಸುತ್ತು ಬಿಗಿದರು, ಕಡಿಮೆಯಾದಷ್ಟು ಎಣ್ಣೆ ಸುರಿದರು, ಅದರ ಬೆಲೆಯನ್ನು ಹುಡುಗನ ಪಗಾರದಲ್ಲಿ ಹಿಡಿಯುವುದಾಗಿ ಹೇಳಿದರು. ಮಾಸ್ತರರು ಬೇಡವೆನ್ನಲಿಲ್ಲ. ತಪ್ಪು ಮಾಡಿದವನು ತೆತ್ತರೆ ತಿದ್ದಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ.

ಕಲೆ ನಿಲ್ಲಲಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದಿಷ್ಟು ಎಣ್ಣೆ ಹಾಕಿಸಿಕೊಂಡು ದಿನ ಕಳೆದರು. ಎರಡನೆಯ ಸಲ ಹೋದಾಗ ಹುಡುಗ ಗ್ಯಾರೇಜಿನಲ್ಲಿರಲಿಲ್ಲ. ಕೆಲಸ ಬಿಟ್ಟನೋ ಬಿಡಿಸಿದರೋ ಎಂದು ಮಾಸ್ತರರು ವಿಚಾರಿಸಲಿಲ್ಲ.

ಎರಡು ತಿಂಗಳ ಮೇಲೆ ದಂಪತಿಗಳು ಮಳಖೇಡದ ನೇಮಿನಾಥ ಬಸದಿಯ ದರ್ಶನಕ್ಕೆಂದು ಹೊರಟರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ನಿಂಬರ್ಗಾದಿಂದ ಕಲಬುರಗಿ ದಾಟಿ ಸೇಡಂ ದಾರಿ ಹಿಡಿಯಬೇಕು. ಬಿಸಿಲು ನಲವತ್ತು ಡಿಗ್ರಿಯ ಮೇಲಿತ್ತು. ಕಲಬುರಗಿ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಎಂಜಿನ್ ಗರ್ಜಿಸಿತು, ಗಾಡಿ ಮಾತ್ರ ಮುಂದೆ ಸಾಗಲಿಲ್ಲ. ನಿಲ್ಲಿಸಿ ಮತ್ತೆ ಗೇರಿಗೆ ಹಾಕಿದರೆ ಎರಡು ಮೂರು ಕ್ಷಣ ತಡೆದು ಜರ್ಕು ಹೊಡೆಯಿತು. ದ್ರವ ಕಡಿಮೆಯಾಗಿ ಒತ್ತಡ ಸಾಲದಾದಾಗ ಹೀಗಾಗುತ್ತದೆ. ಆಗಲೂ ಓಡಿಸಿದರೆ ಒಳಗಿನ ಕ್ಲಚ್ಚುಗಳು ಜಾರಿ ಸುಟ್ಟು, ನೂರರಲ್ಲಿ ಮುಗಿಯುವ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಮಾಸ್ತರರು ಗಾಡಿಯನ್ನು ಬದಿಗೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಎಳೆದೊಯ್ಯಲು ಬಂದವನು ಮುಂದಿನ ಗಾಲಿಗಳನ್ನು ಎತ್ತಿಯೇ ಒಯ್ದ. ಎಂಜಿನ್ ನಿಂತಾಗ ಒಳಗಿನ ಪಂಪೂ ನಿಂತಿರುತ್ತದೆ. ಬಲ ಹೋಗುವ ಗಾಲಿಗಳು ನೆಲದ ಮೇಲೆ ಉರುಳಿದರೆ ಜಿಡ್ಡಿಲ್ಲದೆ ಗೇರ್‌ಬಾಕ್ಸ್ ಕೆಡುತ್ತದೆ.

ಕಲಬುರಗಿಯ ಆ ಗ್ಯಾರೇಜಿನ ಮಿಸ್ತ್ರಿ ವಯಸ್ಸಾದವರು. ಮಾಸ್ತರರು ನಡೆದುದನ್ನೆಲ್ಲ ಹೇಳಿ, "ಹುಡುಗ ನಟ್ಟು ಸರಿಯಾಗಿ ಕೂರಿಸಿಲ್ಲ" ಎಂದು ಮುಗಿಸಿದರು. ಮಿಸ್ತ್ರಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಗಾಡಿಯನ್ನು ಜಾಕಿನಿಂದ ಎತ್ತಿ, ಜಾಕನ್ನಷ್ಟೇ ನಂಬದೆ ಕಬ್ಬಿಣದ ಆನಿಕೆಗಳನ್ನು ಕೊಟ್ಟು, ಕೆಳಗೆ ಹೋದರು. ಮೊದಲು ನೋಡುವ ಕೆಲಸವನ್ನೇ ಮಾಡಲಿಲ್ಲ, ತೊಳೆದರು. ಗೇರ್‌ಬಾಕ್ಸಿನ ಮೈ, ತಳದ ಚೇಂಬರು, ಕೊಳವೆಗಳು, ಎಲ್ಲದರ ಮೇಲಿನ ಎಣ್ಣೆ ಮಣ್ಣಿನ ಹೊದಿಕೆಯನ್ನು ತೆಗೆದು ಬಟ್ಟೆಯಿಂದ ಒರೆಸಿ ಒಣಗಿಸಿದರು. ದ್ರವವನ್ನು ಮಟ್ಟಕ್ಕೆ ತುಂಬಿದರು. ಕೆಳಗೆ ರಟ್ಟು ಹಾಸಿ, ಎಂಜಿನ್ ಚಾಲೂ ಮಾಡಿ, ಕಾಯಲು ಬಿಟ್ಟರು.

"ಹಳೇ ಎಣ್ಣೀ ಮ್ಯಾಲ ಹೊಸ ಸೋರಿಕೆ ಕಾಣಂಗಿಲ್ರಿ" ಎಂದಷ್ಟೇ ಹೇಳಿದರು.

ಕಾಯುತ್ತ ಕುಳಿತಾಗ ಮಾಸ್ತರರ ಮನಸ್ಸಿಗೆ ಬಹಳ ದಿನದ ಸಂಶಯವೊಂದು ಬಂದಿತು: ಈ ಎಣ್ಣೆಯಲ್ಲಿ ಪ್ರಾಣಿಜನ್ಯವಾದುದು ಏನಾದರೂ ಇದೆಯೆ? ಊರಿಂದೂರಿಗೆ ತಿರುಗುವ ಗೃಹಸ್ಥನಿಗೆ ಅದು ತಿಳಿಯಬೇಕಾದ ಸಂಗತಿಯೇ. ಇಂದಿನ ದ್ರವಗಳು ಖನಿಜ ತೈಲದಿಂದ ಅಥವಾ ಕೃತಕವಾಗಿ ತಯಾರಾಗುವಂಥವು. ಆದರೆ ಮೊದಲು ಹಾಗಿರಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸನ್ನು ತಂದಿತು. ಮುಂದಿನ ದಶಕಗಳಲ್ಲಿ ಅಲ್ಲಿ ಬಳಕೆಯಾದ ಇಂಥ ದ್ರವಗಳಿಗೆ, ಗೇರು ನಯವಾಗಿ ಬದಲಾಗಲೆಂದು, ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರಲ್ಲಿ ಅಮೆರಿಕವು ಆ ತಿಮಿಂಗಿಲವನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಆ ದಶಕದಲ್ಲಿಯೇ ರಸಾಯನಗಳು ಅದರ ಸ್ಥಾನಕ್ಕೆ ಬಂದವು. ವಾಣಿಜ್ಯಕ್ಕಾಗಿ ತಿಮಿಂಗಿಲ ಬೇಟೆಯಾಡುವುದನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ ನಿರ್ಣಯಿಸಿತು. ಅದು 1986ರಿಂದ ಜಾರಿಗೆ ಬಂದಿತು. ನುಣುಪಾದ ರಸ್ತೆಯಲ್ಲಿ ಜರ್ಕಿಲ್ಲದೆ ಸಾಗುತ್ತಿದ್ದ ಮನುಷ್ಯನಿಗೆ, ತನ್ನ ಸುಖ ಯಾವ ಸಮುದ್ರದಲ್ಲಿ ಯಾವ ಪ್ರಾಣಿಯ ಒಡಲಿನಿಂದ ಇಳಿದು ಬರುತ್ತಿದೆಯೆಂದು ತೋರುವ ಸಂಭವವೇ ಇರಲಿಲ್ಲ. ಹಿಂಸೆ ನಡೆದ ಜಾಗ ಒಂದು, ಅದರ ಫಲ ಒದಗಿದ ಜಾಗ ಇನ್ನೊಂದು.

ಎಂಜಿನ್ ಚೆನ್ನಾಗಿ ಕಾದ ಮೇಲೆ ಮಿಸ್ತ್ರಿ ಬ್ಯಾಟರಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರು, ಕೆಳಗಿನಿಂದ ಮೇಲಕ್ಕಲ್ಲ. ನಟ್ಟಿನ ತುದಿಯಲ್ಲಿ ಹನಿ ಕೂಡಿತ್ತು, ನಿಜ. ಆದರೆ ನಟ್ಟಿನ ಸುತ್ತಲಿನ ಅಂಚು ಒಣಗಿತ್ತು. ಹನಿಯ ಹಿಂದೆ ಕೂದಲೆಳೆಯಷ್ಟು ತೆಳ್ಳನೆಯ ಕೆಂಪು ಗೆರೆ. ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಒಂದು ಗೇಣು ಮುಂದೆ, ರೇಡಿಯೇಟರಿನ ಕಡೆಗೆ ಹೋಗುವ ರಬ್ಬರಿನ ಕೊಳವೆ. ದ್ರವ ಆ ಕೊಳವೆಯ ಮೂಲಕ ಹೋಗಿ ತಂಪಾಗಿ ಇನ್ನೊಂದರ ಮೂಲಕ ಮರಳುತ್ತದೆ. ಹನ್ನೊಂದು ಬೇಸಿಗೆಗಳ ಕಾವಿಗೆ ರಬ್ಬರು ಗಟ್ಟಿಯಾಗಿ, ಕ್ಲಿಪ್ಪಿನ ಬಳಿ ಸೂಕ್ಷ್ಮವಾಗಿ ಬಿರಿದಿತ್ತು. ತಣ್ಣಗಿದ್ದಾಗ ಏನೂ ಕಾಣದು. ಎಂಜಿನ್ ಕಾದು ಒತ್ತಡ ಏರಿದಾಗ ಅಲ್ಲಿಂದ ಜಿನುಗಿ, ಗೇರ್‌ಬಾಕ್ಸಿನ ಮೈಮೇಲೆ ಹರಿದು, ಓಟದ ಗಾಳಿಗೆ ಹಿಂದೆ ಸರಿದು, ಎಲ್ಲಕ್ಕಿಂತ ತಗ್ಗಾದ ನಟ್ಟಿನಿಂದ ತೊಟ್ಟಿಕ್ಕುತ್ತಿತ್ತು.

"ಹನಿ ಬೀಳಾದು ಇಲ್ಲಿ ಖರೆ ಅದರಿ ಸರ್, ಸೋರಾದು ಇಲ್ಲಿಂದ ಅಲ್ರಿ" ಎಂದರು ಮಿಸ್ತ್ರಿ. ಮತ್ತೆ ನಟ್ಟನ್ನು ತೋರಿಸಿ, "ವಾಶರ್ ಹೊಸದದ. ಕೆಲಸ ಚೊಕ್ಕ ಮಾಡ್ಯಾನ. ಆಮ್ಯಾಲ ಯಾರೋ ಹೆಚ್ಚಿಗಿ ಬಿಗಿದಾರ, ಅದೇ ತಪ್ಪು" ಎಂದರು. ಆ ಮಾತು ಕೇಳಿ ಮಾಸ್ತರರು ತಲೆ ತಗ್ಗಿಸಿದರು.

ದುರಸ್ತಿ ದೊಡ್ಡದಾಗಿರಲಿಲ್ಲ. ನೀರಿನ ಸಾಮಾನ್ಯ ಕೊಳವೆ ಈ ಎಣ್ಣೆಯ ಕಾವಿಗೆ ತಾಳದು. ಇದಕ್ಕೆಂದೇ ಮಾಡಿದ ಎರಡು ಕೊಳವೆಗಳನ್ನೂ ಹೊಸ ಕ್ಲಿಪ್ಪುಗಳನ್ನೂ ಹಾಕಿದರು. ಗಾಡಿಯ ಕೈಪಿಡಿ ಹೇಳಿದ ದ್ರವವನ್ನೇ ತುಂಬಿದರು. ಸಮತಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ, ಗೇರಿನ ಕೋಲನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಸರಿಸಿ, ಎಂಜಿನ್ ನಡೆಯುತ್ತಿರುವಾಗಲೇ ಕಡ್ಡಿ ಎಳೆದು ಮಟ್ಟ ನೋಡಿದರು. ಆ ಗಾಡಿಯ ಕ್ರಮ ಹಾಗೆ. ಕೆಲವು ಗಾಡಿಗಳಲ್ಲಿ ಕಡ್ಡಿಯೇ ಇರುವುದಿಲ್ಲ, ಅವುಗಳ ಕ್ರಮ ಬೇರೆ. ಕಡಿಮೆ ಎಷ್ಟು ಕೆಟ್ಟದ್ದೋ ಹೆಚ್ಚೂ ಅಷ್ಟೇ. ಮಿಗಿಲಾದರೆ ನೊರೆಯೆದ್ದು ಒತ್ತಡ ಕೆಡುತ್ತದೆ. ತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದಿಟ್ಟರು. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೆಂದು 2016ರ ಕೇಂದ್ರ ನಿಯಮಗಳಲ್ಲಿಯೂ ಇದೆ. ನೆಲಕ್ಕೆ ಚೆಲ್ಲಿದರೆ ಮಣ್ಣಿನ ಹಾಗೂ ನೀರಿನ ಜೀವಿಗಳಿಗೆ ಅದು ಮೃತ್ಯು.

ಜೈನ ಆಚಾರವಿಚಾರದಲ್ಲಿ ‘ಅಭ್ಯಾಖ್ಯಾನ’ವೆಂಬ ಮಾತಿದೆ. ಮಾಡದ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಎಂದು ಅದರ ಅರ್ಥ. ಹದಿನೆಂಟು ಪಾಪಸ್ಥಾನಗಳ ಎಣಿಕೆಯಲ್ಲಿ ಅದಕ್ಕೆ ಸುಳ್ಳಿನಿಂದ ಬೇರೆಯಾದ ಸ್ಥಾನವೇ ಉಂಟು. ಮಾಸ್ತರರು ಸುಳ್ಳು ಹೇಳಿರಲಿಲ್ಲ. ಕಣ್ಣಿಗೆ ಕಂಡುದನ್ನೇ ಹೇಳಿದ್ದರು. ಕಂಡ ಹನಿಗೂ ಆಡಿದ ಮಾತಿಗೂ ನಡುವೆ ಒಮ್ಮೆ ತೊಳೆದು ನೋಡುವ ತಾಳ್ಮೆ ಇರಲಿಲ್ಲ, ಅಷ್ಟೆ. ಸಂಸ್ಥೆಗಳಲ್ಲಿಯೂ ಹೀಗಾಗುವುದುಂಟು. ಬಸದಿಯ ಲೆಕ್ಕದಲ್ಲಿ ನೂರು ರೂಪಾಯಿ ಕಡಿಮೆ ಬಂದರೆ ಮೊದಲ ಸಂಶಯ ಹುಂಡಿಯನ್ನು ಕೊನೆಗೆ ಮುಟ್ಟಿದ ಗುಮಾಸ್ತನ ಮೇಲೆ, ಇಲ್ಲವೆ ಅರ್ಚಕನ ಮೇಲೆ. ತಗ್ಗಿನಲ್ಲಿ ನಿಂತವನ ಬಳಿಯೇ ಹನಿ ಕೂಡುತ್ತದೆ. ಪುಸ್ತಕದ ಹಿಂದಿನ ಪುಟಗಳನ್ನು ತಿರುವುವ ಶ್ರಮ ಆಮೇಲಿನದು.

ತಿಳಿದ ಮೇಲಾದರೂ ಮಾಸ್ತರರು ಕೂಡಲೇ ಹೋದರೆ? ಹೋಗಲಿಲ್ಲ. ಹುಡುಗನ ವಿಳಾಸ ತಿಳಿಯದು, ಮಳೆಗಾಲ, ಮೊಣಕಾಲು ನೋವು ಎಂದು ದಿನ ತಳ್ಳಿದರು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದು ಮುಗಿಯಿತು. ಕ್ಷಮಾವಣಿಯ ದಿನ ಪ್ರತಿ ವರ್ಷದಂತೆ ಬಂಧುಬಳಗಕ್ಕೆಲ್ಲ ಕ್ಷಮೆ ಬೇಡುವ ಕಾಗದ ಬರೆಯಲು ಕುಳಿತರು. ಬಹುತೇಕ ಹೆಸರುಗಳ ವಿಷಯದಲ್ಲಿ ಅವರು ಆ ವರ್ಷ ಯಾವ ತಪ್ಪನ್ನೂ ಮಾಡಿರಲಿಲ್ಲ. ತಪ್ಪು ಮಾಡಿದ ಒಬ್ಬನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆ ಹೆಸರು ಅವರಿಗೆ ಗೊತ್ತೂ ಇರಲಿಲ್ಲ. ಲೇಖನಿ ಕೆಳಗಿಟ್ಟು ಎದ್ದರು.

ವಿಚಾರಿಸಿದಾಗ, ಹುಡುಗ ಅಫಜಲಪುರದ ಒಂದು ಟೈರಿನ ಅಂಗಡಿಯಲ್ಲಿ ಪಂಕ್ಚರ್ ತಿದ್ದುತ್ತಿದ್ದಾನೆಂದು ತಿಳಿಯಿತು. ಮಾಸ್ತರರು ಅಲ್ಲಿಗೆ ಹೋಗಿ, ಕೊಳವೆಯ ಸಂಗತಿಯನ್ನು ಹೇಳಿ, ಕೈಮುಗಿದು ಕ್ಷಮೆ ಕೇಳಿದರು. ಅವನ ಪಗಾರದಲ್ಲಿ ಹಿಡಿದಿದ್ದ ಹಣವನ್ನು ಮುಂದೆ ಮಾಡಿದರು. ಹುಡುಗ ಕೈಯೊರೆಸಿಕೊಂಡು ಎದ್ದು ನಿಂತ, ಹಣ ಮುಟ್ಟಲಿಲ್ಲ.

"ನಾ ಟೈಟ್ ಮಾಡೀನಂತ ನನಗ ಮೊದಲೇ ಗೊತ್ತದರಿ ಸರ್. ಅದು ನನಗ್ಯಾಕ್ ಹೇಳ್ತೀರಿ? ಅಲ್ಲಿ ಮಂದಿ ಮುಂದ ಹೇಳ್ರಿ."

ಮಿಸ್ತ್ರಿ ಕಲಿಸಿದ ಪಾಠವನ್ನೇ ಹುಡುಗ ಇನ್ನೊಮ್ಮೆ ಹೇಳಿದಂತಾಯಿತು. ಕ್ಷಮೆಯನ್ನೂ ಸೋರಿದ ಜಾಗದಲ್ಲಿಯೇ ಮುಚ್ಚಬೇಕು. ಮಾಸ್ತರರು ಮರುದಿನ ಆಳಂದಕ್ಕೆ ಹೋದರು. ಅಂದು ಹೇಗೆ ಅಕ್ಕಪಕ್ಕದವರಿಗೆ ಕೇಳುವಂತೆ ಮಾತಾಡಿದ್ದರೋ ಅದೇ ದನಿಯಲ್ಲಿ, ತಪ್ಪು ಹುಡುಗನದಲ್ಲ, ಕೊಳವೆ ಬಿರಿದಿತ್ತು, ನೋಡದೆ ಮಾತಾಡಿದ್ದು ತಮ್ಮ ತಪ್ಪು ಎಂದು ಹೇಳಿದರು. ಮಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವಗ ಬಂದು ಪಗಾರ ಒಯ್ಯಂತ ಹೇಳ್ರಿ" ಎಂದರು. ಹುಡುಗ ಬಂದು ಪಗಾರ ಒಯ್ದ. ಆ ಕೆಲಸಕ್ಕೆ ಮಾತ್ರ ಮರಳಲಿಲ್ಲ. ಎಲ್ಲ ಹಾನಿಯೂ ತುಂಬಿ ಬರುವಂಥದಲ್ಲ.

ಈಗ ನಿಂಬರ್ಗಾದ ಆ ಅಂಗಳದಲ್ಲಿ ವಾರಕ್ಕೊಮ್ಮೆ ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟು ಬೀಳುತ್ತದೆ. ಮುಂಜಾನೆ ಮಾಸ್ತರರು ಅದನ್ನು ಎಳೆದು ಬೆಳಕಿಗೆ ಹಿಡಿದು ನೋಡುತ್ತಾರೆ. ರಟ್ಟು ಒಣಗಿರುತ್ತದೆ. ಪರಸಿಯ ಮೇಲಿನ ಹಳೆಯ ಕಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗಿಲ್ಲ. ಹೋಗಲೇಬೇಕೆಂದು ಅವರೂ ತಿಕ್ಕಿಸಲಿಲ್ಲ.